ತುಂಬಾ ಕರಾವಳಿಯಿಂದ ಆಸ್ಟ್ರೋಸ್ಯಾಟ್‌ವರೆಗೆ

ಭಾರತದ ಎಕ್ಸ್-ರೇ ಖಗೋಳ ವಿಜ್ಞಾನ 2015ರ ಸೆಪ್ಟೆಂಬರ್ 28ರಂದು, ಇಸ್ರೋದ ಆಸ್ಟ್ರೋಸ್ಯಾಟ್ ಉಪಗ್ರಹ ಹಾರಿದ ದಿನ ಹುಟ್ಟಿತು ಎಂದು ನಂಬಿದವರಿದ್ದಾರೆ. ಆ ಉಪಗ್ರಹ ಅಮೆರಿಕದ ಚಂದ್ರಾ ಎಕ್ಸ್-ರೇ ದೂರದರ್ಶಕದ ಬಡ ನಕಲು ಎನ್ನುವವರೂ ಇದ್ದಾರೆ. ಎರಡೂ ತಪ್ಪು, ಎರಡಕ್ಕೂ ಉತ್ತರ ತಿರುವನಂತಪುರದ ಅಂಚಿನ ತುಂಬಾ ಎಂಬ ಮೀನುಗಾರರ ಊರಿನಲ್ಲಿದೆ. ಎಕ್ಸ್-ರೇ ದೂರದರ್ಶಕ ಆಸ್ಪತ್ರೆಯ ಯಂತ್ರದ ಹಾಗೆ ಕಿರಣ ಹಾಯಿಸಿ ನಕ್ಷತ್ರದ ಒಳಗನ್ನು ನೋಡುವುದಿಲ್ಲ. ಕಪ್ಪು ಕುಳಿಯ ಸುತ್ತ ಲಕ್ಷಾಂತರ ಡಿಗ್ರಿಗೆ ಕಾದ ಅನಿಲ ತಾನೇ ಹೊರಸೂಸಿದ ಕಿರಣಗಳನ್ನು ಎಣಿಸುತ್ತದೆ. ವಾತಾವರಣ ಅವನ್ನು ಹೀರಿಕೊಳ್ಳುವುದರಿಂದ ಎಂಥ ಬೆಟ್ಟದ ತುದಿಯೂ ಸಾಲದು. ಮೇಲೇರಿದರೂ ತೊಡಕು ತಪ್ಪದು: ಕಾಸ್ಮಿಕ್ ಕಿರಣಗಳ ಕಣಗಳು ಶೋಧಕಕ್ಕೆ ಬಡಿದು ಸುಳ್ಳು ಎಣಿಕೆ ಕೊಡುತ್ತವೆ. ಈ ಗದ್ದಲವನ್ನು ತಗ್ಗಿಸುವುದೇ ಅರ್ಧ ಕೆಲಸ.

ಭೂಮಿಯ ಕಾಂತಕ್ಷೇತ್ರ ಅಂಥ ಕಣಗಳನ್ನು ಅತಿ ಹೆಚ್ಚು ತಡೆಯುವುದು ಸಮಭಾಜಕದ ಬಳಿ. ಭಾರತದ ಬಾಹ್ಯಾಕಾಶ ಕಾರ್ಯಕ್ರಮಕ್ಕೆ ಅಡಿಪಾಯ ಹಾಕಿದ ವಿಕ್ರಮ್ ಸಾರಾಭಾಯಿ ಸಮಭಾಜಕದ ಬಳಿಯ ತುಂಬಾವನ್ನು ರಾಕೆಟ್ ನೆಲೆಯಾಗಿ ಆರಿಸಿದ್ದು ಇದಕ್ಕಲ್ಲ, ಭೂಕಾಂತೀಯ ಸಮಭಾಜಕದ ನೆತ್ತಿಯ ಮೇಲೆ ಹರಿಯುವ ವಿದ್ಯುತ್ ಪ್ರವಾಹವನ್ನು ಅಳೆಯಲು. ಎಕ್ಸ್-ರೇ ಖಗೋಳಕ್ಕೆ ಅದು ಕೇಳದೆ ಬಂದ ಲಾಭ. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಹಾರಿತು. ಆ ದಶಕ ಮುಗಿಯುವುದರೊಳಗೆ ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಮತ್ತು ಸಂಗಡಿಗರು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಶೋಧಕಗಳನ್ನು ತುಂಬಾದಿಂದ ಹಾರಿಸಿ ಸ್ಕಾರ್ಪಿಯಸ್ ಎಕ್ಸ್-1, ಸೆಂಟಾರಸ್ ಎಕ್ಸ್-2 ಆಕರಗಳನ್ನು ಅಳೆದರು. ಸೌರಮಂಡಲದಾಚೆಯ ಮೊದಲ ಎಕ್ಸ್-ರೇ ಆಕರ ಪತ್ತೆಯಾಗಿದ್ದೇ 1962ರಲ್ಲಿ. ನಾವು ತೀರ ಹಿಂದೆ ಬಿದ್ದಿರಲಿಲ್ಲ. ರಾಕೆಟ್ಟಿನ ಕೆಲವೇ ನಿಮಿಷಗಳನ್ನು ಆರಂಭ ಎನ್ನಬಹುದೇ ಎಂದು ಕೇಳಬಹುದು. ಕೆಲಕಾಲ ಬೆಳಗಿ ನಂದಿಹೋಗುವ ಸೆಂಟಾರಸ್ ಎಕ್ಸ್-2ರಂಥ ಆಕರಕ್ಕೆ ಸಕಾಲದ ಕೆಲವು ನಿಮಿಷಗಳೇ ಅಮೂಲ್ಯ. ಎಕ್ಸ್-ರೇ ಖಗೋಳಕ್ಕೆಂದೇ ಮೀಸಲಾದ ಜಗತ್ತಿನ ಮೊದಲ ಉಪಗ್ರಹ ಉಹುರುವನ್ನು ಅಮೆರಿಕ 1970ರಲ್ಲಿ ಸಮಭಾಜಕದ ಪಕ್ಕದ ಕೀನ್ಯಾ ಕರಾವಳಿಯಿಂದ ಹಾರಿಸಿದ್ದೂ ಸಮಭಾಜಕದ ಲಾಭದ ತರ್ಕಕ್ಕೆ ಒದಗುವ ಸಾಕ್ಷಿ.

ಮುಂದಿನ ದಾರಿ ನೇರವಾಗಿರಲಿಲ್ಲ. ರಾವ್ ನೇತೃತ್ವದಲ್ಲಿ ರೂಪುಗೊಂಡ ಆರ್ಯಭಟ ಉಪಗ್ರಹ 1975ರಲ್ಲಿ ಎಕ್ಸ್-ರೇ ಶೋಧಕ ಹೊತ್ತು ಹೋಯಿತು. ಕೆಲವೇ ದಿನಗಳಲ್ಲಿ ವಿದ್ಯುತ್ ದೋಷದಿಂದ ಪ್ರಯೋಗಗಳು ನಿಂತವು. 1996ರಲ್ಲಿ ಐಆರ್‌ಎಸ್-ಪಿ3 ಉಪಗ್ರಹದ ಎಕ್ಸ್-ರೇ ಉಪಕರಣ ಕಪ್ಪು ಕುಳಿಯ ಜೋಡಿಯೊಂದರ ಚಂಚಲತೆಯನ್ನು ಹಿಡಿಯಿತು. ಆದರೆ ಆ ಉಪಗ್ರಹದ್ದು ಭೂವೀಕ್ಷಣೆಗೆ ಹೊಂದಿಸಿದ ಧ್ರುವಕಕ್ಷೆ. ಕಣಗಳು ದಟ್ಟವಾದ ಎತ್ತರದ ಅಕ್ಷಾಂಶಗಳಲ್ಲಿ ವೀಕ್ಷಣೆ ಸಾಧ್ಯವಾಗದೆ ಸಮಯ ಪೋಲಾಯಿತು. ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ದೊಡ್ಡ ಪಾಠ ಇದು. ಆಸ್ಟ್ರೋಸ್ಯಾಟ್ 650 ಕಿ.ಮೀ. ಎತ್ತರದಲ್ಲಿ ಸಮಭಾಜಕಕ್ಕೆ ಬರೀ 6 ಡಿಗ್ರಿ ಓರೆಯಾಗಿ ಸುತ್ತುತ್ತಿರುವುದು ಆಕಸ್ಮಿಕವಲ್ಲ.

ಚಂದ್ರಾದ ಮಾತಿಗೆ ಬರೋಣ. ಅದು ಅರ್ಧ ಆರ್ಕ್‌ಸೆಕೆಂಡಿನಷ್ಟು ಸೂಕ್ಷ್ಮ ವಿವರ ಬಿಡಿಸಿ ತೋರಿಸುತ್ತದೆ. ಆಸ್ಟ್ರೋಸ್ಯಾಟಿನ ಮೃದು ಎಕ್ಸ್-ರೇ ದೂರದರ್ಶಕದ್ದು ಆರ್ಕ್‌ನಿಮಿಷಗಳ ಲೆಕ್ಕ. ಚಿತ್ರದ ಸ್ಪಷ್ಟತೆಯಲ್ಲಿ ಹೋಲಿಕೆಯೇ ಇಲ್ಲ. ಕೆಳಕಕ್ಷೆಗೆ ಇನ್ನೊಂದು ಕೊರತೆ, ಪ್ರತಿ ಸುತ್ತಿನಲ್ಲೂ ಭೂಮಿ ಅಡ್ಡ ಬರುತ್ತದೆ, ಲಕ್ಷ ಕಿ.ಮೀ.ಗೂ ಆಚೆ ಹೋಗುವ ಚಂದ್ರಾಕ್ಕೆ ಆ ಕಾಟ ಕಡಿಮೆ. ಆದರೆ ಆಸ್ಟ್ರೋಸ್ಯಾಟಿನ ಉದ್ದೇಶ ಬೇರೆ: ಒಂದೇ ಆಕರವನ್ನು ಅತಿನೇರಳೆಯಿಂದ ಗಡಸು ಎಕ್ಸ್-ರೇವರೆಗೆ ಏಕಕಾಲಕ್ಕೆ ನೋಡುವುದು, ಮಿನುಗನ್ನು ಹತ್ತು ಮೈಕ್ರೋಸೆಕೆಂಡಿನ ನಿಖರತೆಯಲ್ಲಿ ದಾಖಲಿಸುವುದು. ಈ ಕಥೆಯಲ್ಲಿ ಕೇರಳದ್ದು ರಾಕೆಟ್ಟಿನ ಕೆಲಸವಷ್ಟೇ ಎಂಬ ಮಾತೂ ಅರ್ಧಸತ್ಯ. ಆಸ್ಟ್ರೋಸ್ಯಾಟನ್ನು ಹೊತ್ತೊಯ್ದ ಪಿಎಸ್‌ಎಲ್‌ವಿ ರಾಕೆಟ್ ರೂಪುಗೊಂಡಿದ್ದು ತಿರುವನಂತಪುರದ ವಿಕ್ರಮ್ ಸಾರಾಭಾಯಿ ಕೇಂದ್ರದಲ್ಲಿ, ಇಸ್ರೋದ ಘನ ಇಂಧನಕ್ಕೆ ಬೇಕಾದ ಅಮೋನಿಯಂ ಪರ್ಕ್ಲೋರೇಟ್ ತಯಾರಾಗುವುದು ಕೊಚ್ಚಿ ಬಳಿಯ ಆಲುವಾದಲ್ಲಿ, ನಿಜ. ಆದರೆ ಆಸ್ಟ್ರೋಸ್ಯಾಟಿನ ಕ್ಯಾಡ್ಮಿಯಂ ಜಿಂಕ್ ಟೆಲ್ಯುರೈಡ್ ಉಪಕರಣದ ನಿರ್ಮಾಣದಲ್ಲೂ ಅದೇ ಕೇಂದ್ರ ಪಾಲುಗೊಂಡಿತ್ತು. ಕ್ರ್ಯಾಬ್ ಪಲ್ಸಾರಿನ ಎಕ್ಸ್-ರೇ ಧ್ರುವೀಕರಣ ಅದರ ಸ್ಪಂದನದೊಡನೆ ಬದಲಾಗುವುದನ್ನು 2017ರಲ್ಲಿ ವರದಿ ಮಾಡಿದ್ದು ಆ ಉಪಕರಣದ ದತ್ತಾಂಶದಿಂದಲೇ.

2024ರ ಜನವರಿ 1ರಂದು ಹೊರಟ ಇಸ್ರೋದ ಎಕ್ಸ್-ರೇ ಉಪಗ್ರಹ ಎಕ್ಸ್‌ಪೋಸ್ಯಾಟ್ ಕೂಡ ಅದೇ 650 ಕಿ.ಮೀ., ಅದೇ 6 ಡಿಗ್ರಿ ಕಕ್ಷೆ ಸೇರಿತು. ಅದರ ಮುಖ್ಯ ಉಪಕರಣ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯದು. ಆಸ್ಟ್ರೋಸ್ಯಾಟ್ ದತ್ತಾಂಶ ಬೆಂಗಳೂರಿನ ಹೊರಗಿನ ಬ್ಯಾಲಾಳು ಕೇಂದ್ರದ ಸಂಗ್ರಹದಲ್ಲಿ ನಿಗದಿತ ಅವಧಿಯ ನಂತರ ಎಲ್ಲರಿಗೂ ತೆರೆದಿರುತ್ತದೆ. ನಮ್ಮ ಕಾಲೇಜುಗಳ ಭೌತಶಾಸ್ತ್ರ ವಿಭಾಗಗಳು ಅದನ್ನು ಇಳಿಸಿಕೊಂಡು ವಿದ್ಯಾರ್ಥಿಗಳ ಕೈಗೆ ಕೊಡಲಿ.