ಶೈಶವದ ಬೆಳವಣಿಗೆಯ ಮೈಲಿಗಲ್ಲುಗಳು

ಬೆಳವಣಿಗೆಯ ಮೈಲಿಗಲ್ಲುಗಳು ಎಂದರೆ ಹೆಚ್ಚಿನ ಮಕ್ಕಳು ನಿರ್ದಿಷ್ಟ ವಯೋಮಿತಿಯೊಳಗೆ ಗಳಿಸಿಕೊಳ್ಳುವ ಸಾಮರ್ಥ್ಯಗಳು. ಇವನ್ನು ಚಲನೆ, ಭಾಷೆ, ಗ್ರಹಿಕೆ ಮತ್ತು ಸಾಮಾಜಿಕ ವರ್ತನೆ ಎಂದು ವಿಂಗಡಿಸಲಾಗುತ್ತದೆ.

ಚಲನೆಯ ಮೈಲಿಗಲ್ಲುಗಳು

ವಿಶ್ವ ಆರೋಗ್ಯ ಸಂಸ್ಥೆಯು ಭಾರತ, ಘಾನಾ, ನಾರ್ವೆ, ಒಮಾನ್ ಮತ್ತು ಅಮೆರಿಕದ ಆರೋಗ್ಯವಂತ ಮಕ್ಕಳನ್ನು ಅಧ್ಯಯನ ಮಾಡಿ, 2006ರಲ್ಲಿ ಆರು ಮೈಲಿಗಲ್ಲುಗಳ ಕಾಲಾವಧಿಯನ್ನು ಪ್ರಕಟಿಸಿತು. ಅದರಂತೆ ಮಗು ಆಧಾರವಿಲ್ಲದೆ ಕುಳಿತುಕೊಳ್ಳುವುದು 3.8ರಿಂದ 9.2, ಅಂಬೆಗಾಲಿಡುವುದು 5.2ರಿಂದ 13.5 ಮತ್ತು ತಾನಾಗಿ ನಡೆಯುವುದು 8.2ರಿಂದ 17.6 ತಿಂಗಳುಗಳ ನಡುವೆ. ಅಧ್ಯಯನದಲ್ಲಿದ್ದ ಶೇ. 4.3ರಷ್ಟು ಮಕ್ಕಳು ಅಂಬೆಗಾಲಿಡಲೇ ಇಲ್ಲ. ಆದ್ದರಿಂದ ಆ ಒಂದು ಹಂತ ಕಾಣಿಸಿಕೊಳ್ಳದ ಮಾತ್ರಕ್ಕೆ ಅದನ್ನು ದೋಷವೆಂದು ಪರಿಗಣಿಸುವುದಿಲ್ಲ.

ವಿಳಂಬದ ಪತ್ತೆ

ಅವಧಿಗೆ ಮುನ್ನ ಜನಿಸಿದ ಶಿಶುವಿನ ವಯಸ್ಸನ್ನು ಸುಮಾರು ಎರಡು ವರ್ಷದವರೆಗೆ ಹೆರಿಗೆಯ ನಿರೀಕ್ಷಿತ ದಿನದಿಂದ ಎಣಿಸಲಾಗುತ್ತದೆ. 18 ತಿಂಗಳಾದರೂ ನಡೆಯದಿರುವುದು ಹಾಗೂ ಕಲಿತ ಕೌಶಲವನ್ನು ಯಾವುದೇ ವಯಸ್ಸಿನಲ್ಲಿ ಕಳೆದುಕೊಳ್ಳುವುದು ವೈದ್ಯರ ತಪಾಸಣೆ ಅಗತ್ಯವಿರುವ ಲಕ್ಷಣಗಳಾಗಿವೆ. ಭಾರತದಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮಕ್ಕಳಲ್ಲಿ ಇಂತಹ ವಿಳಂಬವನ್ನು ಪರೀಕ್ಷಿಸಿ, ಅಗತ್ಯವಿದ್ದಲ್ಲಿ ಜಿಲ್ಲಾ ಕೇಂದ್ರಗಳಿಗೆ ಕಳುಹಿಸಲಾಗುತ್ತದೆ.