ಕಾರ್ಖಾನೆ ದೋಣಿ ಕಡಲಿಗೆ ಅಣಿಯಾದ ಬಗೆ

ಭಾರದ ದೋಣಿ ಮಹಾಸಾಗರಕ್ಕೆ, ಹಗುರದ್ದು ಭಾನುವಾರದ ವಿಹಾರಕ್ಕೆ ಎಂಬ ಮಾತು ಜಪಾನಿನ ಮರೀನಾಗಳಲ್ಲಿ ಮತ್ತೆ ಚಲಾವಣೆಗೆ ಬಂದಿದೆ. ಹಳೆಯ ದಪ್ಪ ದೋಣಿ ಮಾರಲು ಕೂತವರಿಗೆ ಇದರಿಂದ ಲಾಭ ಉಂಟು, ಇರಲಿ. ಇದರ ಜೊತೆಗೇ ಇನ್ನೊಂದು ರೂಢಿ. 2022ರಲ್ಲಿ 83 ವರ್ಷದ ಹೊರಿಯೆ ಕೆನಿಚಿ 990 ಕಿಲೋ ತೂಕದ, 19 ಅಡಿಯ ಹಾಯಿದೋಣಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಒಬ್ಬರೇ ಜಪಾನಿಗೆ ಬಂದಾಗ ಎಲ್ಲೆಡೆ ಮಾತು ಅವರ ಧೈರ್ಯದ್ದು, ವಯಸ್ಸಿನದ್ದು. ತೂಕವನ್ನು ನಂಬುವವರಾಗಲಿ, ಎದೆಗಾರಿಕೆಯನ್ನು ಹೊಗಳುವವರಾಗಲಿ, ಹೊರಡುವ ಮುಂಚೆ ತಿಂಗಳುಗಟ್ಟಲೆ ದಡದ ಮೇಲೆ ನಡೆಯುವ ಕೆಲಸದ ಗೊಡವೆಗೆ ಹೋಗುವುದಿಲ್ಲ. ಆ ಕೆಲಸಕ್ಕೂ ಒಂದು ಚರಿತ್ರೆ ಇದೆ. ಫೈಬರ್ ದೋಣಿಗಳ ರಿಪೇರಿಯಲ್ಲೇ ಬಾಳು ಸವೆಸಿದ ನನ್ನಂಥವರಾದರೂ ಅದನ್ನು ಬರೆಯಬೇಕು.

ಜಪಾನಿನ ಸೆಂಡಾಯ್‌ನಲ್ಲಿ ಕೂತು ಬರೆಯುವುದಕ್ಕೆ ಕಾರಣವೂ ಇದೆ. ಈ ಊರೂ ಸ್ಯಾನ್ ಫ್ರಾನ್ಸಿಸ್ಕೋವೂ ಹೆಚ್ಚು ಕಡಿಮೆ ಒಂದೇ ಅಕ್ಷಾಂಶದಲ್ಲಿವೆ, 38 ಡಿಗ್ರಿಯ ಆಸುಪಾಸು. ನಡುವೆ ನಾಲ್ಕು ಸಾವಿರ ನಾಟಿಕಲ್ ಮೈಲಿಗೂ ಮಿಕ್ಕಿದ ನೀರು. ಬಿಸಿನೀರಿನ ಕುರೋಶಿಯೋ ಪ್ರವಾಹವೂ ತಣ್ಣೀರಿನ ಓಯಾಶಿಯೋ ಪ್ರವಾಹವೂ ಈ ಕರಾವಳಿಯಾಚೆ ಕೂಡುತ್ತವೆ. ಮೀನು ಹೇರಳ, ಹಾಗಾಗಿ ಬಲೆಗಳೂ ಹೇರಳ, ತಿಮಿಂಗಿಲಗಳೂ ಉಂಟು. ಬೇಸಿಗೆಯಲ್ಲಿ ದಟ್ಟ ಮಂಜು, ಬೇಸಿಗೆ ಮುಗಿಯುವ ಹೊತ್ತಿಗೆ ತೆಂಕಣದಿಂದ ಟೈಫೂನು.

ಹಳೆಯ ಕಾಲವನ್ನು ಬೇಗ ದಾಟುತ್ತೇನೆ. 1613ರಲ್ಲಿ ಸೆಂಡಾಯ್‌ನ ಒಡೆಯ ದಾತೆ ಮಾಸಾಮುನೆ ಕಟ್ಟಿಸಿದ ಸಾನ್ ಹ್ವಾನ್ ಬಾವುತಿಸ್ತಾ ಹಡಗು ತ್ಸುಕಿನೌರಾದಿಂದ ಹೊರಟು ಮರುವರ್ಷ ಮೆಕ್ಸಿಕೋದ ಆಕಾಪುಲ್ಕೋ ಮುಟ್ಟಿತು. 1993ರಲ್ಲಿ ಇಶಿನೊಮಾಕಿಯಲ್ಲಿ ಅದೇ ಅಳತೆಯಲ್ಲಿ ಕಟ್ಟಿದ ಮರದ ಪ್ರತಿರೂಪ 2011ರ ಸುನಾಮಿಯಲ್ಲಿ ಉಳಿಯಿತು, ಆಮೇಲೆ ಮರ ಕೊಳೆತು ಅದನ್ನು ಬಿಚ್ಚಬೇಕಾಯಿತು. ಈಗ ಅಲ್ಲಿರುವುದು ಕಾಲು ಅಳತೆಯ ಫೈಬರ್ ಪ್ರತಿರೂಪ. ನಮ್ಮ ಕಸುಬಿಗೆ ಹೆಚ್ಚು ಪಾಠ ಹೇಳುವುದು ಇನ್ನೊಂದು ಹಡಗು. 1793ರಲ್ಲಿ ಇಶಿನೊಮಾಕಿಯಿಂದ ಎಡೋ ನಗರಕ್ಕೆ ಅಕ್ಕಿ ಹೊತ್ತು ಹೊರಟ ವಾಕಾಮಿಯಾ-ಮಾರು ಬಿರುಗಾಳಿಗೆ ಸಿಕ್ಕಿ ಅಲ್ಯೂಷಿಯನ್ ದ್ವೀಪಗಳವರೆಗೆ ತೇಲಿಹೋಯಿತು. ಅದರಲ್ಲಿದ್ದವರಲ್ಲಿ ನಾಲ್ವರು ರಷ್ಯನ್ ಹಡಗಿನಲ್ಲಿ ಭೂಮಿಯನ್ನೇ ಸುತ್ತಿ 1804ರಲ್ಲಿ ನಾಗಸಾಕಿಗೆ ಬಂದಿಳಿದರು. ಸೆಂಡಾಯ್‌ನ ವಿದ್ವಾಂಸ ಓತ್ಸುಕಿ ಗೆಂತಾಕು ಅವರ ಅನುಭವವನ್ನು ಕೇಳಿ ಬರೆದಿಟ್ಟ. ಆ ಕಾಲದ ಸರಕು ಹಡಗುಗಳಲ್ಲಿ ಆಳವಿಲ್ಲದ ನೀರಿನಲ್ಲಿ ಮೇಲೆತ್ತಲು ಬರುವಂತೆ ದೊಡ್ಡ ಚುಕ್ಕಾಣಿಯನ್ನು ಸಡಿಲವಾಗಿ ತೂಗುಹಾಕುತ್ತಿದ್ದರು. ಬಿರುಗಾಳಿಯಲ್ಲಿ ಮೊದಲು ಹೋಗುತ್ತಿದ್ದುದೇ ಅದು. ಹಡಗು ಮಗುಚದಿರಲೆಂದು ಕೂವೆಮರವನ್ನು ಕಡಿಯುವುದು ಆಮೇಲಿನ ಮಾತು.

ಕಾರ್ಖಾನೆಯಲ್ಲಿ ಒಂದೇ ಅಚ್ಚಿನಿಂದ ದೋಣಿ ತೆಗೆಯುವ ಕಾಲ ಅಮೆರಿಕದಲ್ಲಿ 1950ರ ದಶಕದ ಕೊನೆಗೆ ಬಂತು. ಜಪಾನಿನ ಯಮಾಹಾ 1960ರಲ್ಲಿ ಫೈಬರ್ ದೋಣಿ ತಯಾರಿಕೆಗೆ ಇಳಿಯಿತು. ಹೊರಿಯೆ 1962ರಲ್ಲಿ 94 ದಿನಗಳಲ್ಲಿ ಪೆಸಿಫಿಕ್ ದಾಟಿದ್ದು ಮಾತ್ರ ಯೊಕೊಯಾಮಾ ಅಕಿರಾ ವಿನ್ಯಾಸ ಮಾಡಿದ ಪ್ಲೈವುಡ್ ದೋಣಿಯಲ್ಲಿ. ಮಾರುಕಟ್ಟೆಯ ಹಗುರ ದೋಣಿಯನ್ನು ನಿಜಕ್ಕೂ ಪರೀಕ್ಷೆಗೆ ಒಡ್ಡಿದವನು ಕ್ಯಾಲಿಫೋರ್ನಿಯಾದ ಹುಡುಗ ರಾಬಿನ್ ಲೀ ಗ್ರಹಾಂ. ಅವನು 16ನೇ ವಯಸ್ಸಿನಲ್ಲಿ, 1965ರಲ್ಲಿ, 24 ಅಡಿಯ ದೋಣಿ ಹತ್ತಿ ಹೊರಟ. ಎರಡು ಸಲ ಕೂವೆಮರ ಮುರಿಯಿತು, ಕೊನೆಗೆ 33 ಅಡಿಯ ದೋಣಿಗೆ ಬದಲಾದ. ದೋಣಿಯ ಒಡಲು ಮಾತ್ರ ಒಡೆಯಲಿಲ್ಲ ಎಂಬುದನ್ನು ಅವನ ಕಥೆ ಹೇಳುವವರು ಒತ್ತಿ ಹೇಳುವುದಿಲ್ಲ.

ಆರಂಭದ ಫೈಬರ್ ಒಡಲುಗಳು ದಪ್ಪಗಿದ್ದುದಕ್ಕೆ ಜಾಣ್ಮೆ ಕಾರಣವಲ್ಲ, ಕಟ್ಟುವವರಿಗೆ ಹೊಸ ಸಾಮಗ್ರಿಯ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. 1973ರ ತೈಲ ಬಿಕ್ಕಟ್ಟಿನಲ್ಲಿ ರಾಳದ ಬೆಲೆ ಏರಿತು. ರೇಸುಗಳ ಅಳತೆ ನಿಯಮಗಳು ವೇಗಕ್ಕೆ ಬೆಲೆ ಕಟ್ಟಿದವು. ಒಡಲು ತೆಳುವಾಯಿತು, ತಳದಲ್ಲಿ ಇಳಿಬಿಟ್ಟ ಭಾರದ ರೆಕ್ಕೆಯಾದ ಕೀಲ್ ಕಿರಿದಾಗಿ ಆಳಕ್ಕೆ ಇಳಿಯಿತು, ಚುಕ್ಕಾಣಿ ಆಸರೆ ಇಲ್ಲದೆ ಒಂಟಿಯಾಗಿ ನೇತಾಡತೊಡಗಿತು. ಆ ರೇಸುಗಳಿಂದಲೇ ಹುಟ್ಟಿದ ಸೂಟಿಯ ದೋಣಿಗಳನ್ನು ನಮ್ಮ ತಲೆಮಾರು ಮೆಚ್ಚಿಕೊಂಡಿತು, ಈಗಲೂ ಮೆಚ್ಚುತ್ತೇನೆ.

1979ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಫಾಸ್ಟ್‌ನೆಟ್ ರೇಸಿಗೆ 303 ದೋಣಿಗಳು ಹೊರಟವು. ಬಿರುಗಾಳಿಯಲ್ಲಿ 15 ಸ್ಪರ್ಧಿಗಳು ಸತ್ತರು, 24 ದೋಣಿಗಳನ್ನು ಬಿಟ್ಟು ಜನ ಹೊರಬಿದ್ದರು, ಅವುಗಳಲ್ಲಿ ಮುಳುಗಿದ್ದು ಐದೇ. ಬಿಟ್ಟುಬಂದ ದೋಣಿಗಳಲ್ಲಿ ಹೆಚ್ಚಿನವು ಆಮೇಲೂ ತೇಲುತ್ತಿದ್ದವು. ಈ ಅಂಕಿಗಳಿಂದ ನಮ್ಮ ಕಸುಬಿಗೆ ಒಂದು ದಿಕ್ಕು ಸಿಕ್ಕಿತು. ಮೆಟ್ಟಿಲ ಬಾಗಿಲ ಹಲಗೆಗಳು ಬಿದ್ದುಹೋಗದಂತೆ ಚಿಲಕ, ಮಗುಚಿದಾಗ ಮನುಷ್ಯರ ಮೇಲೆ ಉರುಳದಂತೆ ಬ್ಯಾಟರಿಗೂ ಒಲೆಗೂ ಪಟ್ಟಿ, ಮುರಿದ ಚುಕ್ಕಾಣಿಗೆ ಬದಲಿ ಏರ್ಪಾಟು ಬಂದವು. ಅಮೆರಿಕದ ವಿಮಾನ ಎಂಜಿನಿಯರ್ ಡಾನ್ ಜೋರ್ಡನ್ ಇದೇ ದುರಂತದ ಬಳಿಕ ಯೋಚಿಸಿ, ಉದ್ದ ಹಗ್ಗಕ್ಕೆ ನೂರಕ್ಕೂ ಹೆಚ್ಚು ಬಟ್ಟೆಯ ಶಂಕುಗಳನ್ನು ಪೋಣಿಸಿ ಹಿಂಬದಿಯಿಂದ ಎಳೆಯುವ ತಡೆಹಗ್ಗವನ್ನು ರೂಪಿಸಿದ. ಅದರ ಬಗ್ಗೆ ಅಮೆರಿಕದ ಕೋಸ್ಟ್ ಗಾರ್ಡ್ ವರದಿ 1987ರಲ್ಲಿ ಬಂತು. ಹಗುರ ದೋಣಿಗೆ ಇದಕ್ಕಿಂತ ಒಳ್ಳೆಯ ಗೆಳೆಯನಿಲ್ಲ. ಅಲೆಯ ಇಳಿಜಾರಿನಲ್ಲಿ ಅಡ್ಡ ತಿರುಗದಂತೆ ಅದು ಹಿಡಿದುಕೊಳ್ಳುತ್ತದೆ, ದೋಣಿ ಹಗುರವಿದ್ದಷ್ಟೂ ಶಂಕುಗಳು ಕಡಿಮೆ ಸಾಕು. ಆದರೂ ಹಿಂಬದಿಯ ಎರಡು ಮೂಲೆಗಳಲ್ಲಿ ಅದರ ಎಳೆತ ತಾಳುವ ಉಕ್ಕಿನ ಪಟ್ಟಿ ಕೂರಿಸಿಕೊಂಡ ದೋಣಿಗಳು ನನ್ನ ಕಣ್ಣಿಗೆ ಬಿದ್ದದ್ದು ವಿರಳ. ಅದೇ ಹಣಕ್ಕೆ ದೊಡ್ಡ ಪರದೆಯ ನಕ್ಷಾಯಂತ್ರ ಕೊಳ್ಳುತ್ತಾರೆ.

ಜಪಾನಿನ ಪಾಠ 1991ರ ಡಿಸೆಂಬರ್ ಕೊನೆಗೆ ಬಂತು. ಗುವಾಮ್‌ಗೆ ಹೊರಟ ರೇಸಿನಲ್ಲಿ ಮಾರಿನ್ ಮಾರಿನ್ ಎಂಬ ದೋಣಿಯ ಕೀಲ್ ಕಳಚಿ ಅದು ಮಗುಚಿತು, ತಾಕಾ ಎಂಬ ಇನ್ನೊಂದು ದೋಣಿಯೂ ಮಗುಚಿತು. ಎರಡರಿಂದ ಸೇರಿ 14 ಮಂದಿ ಹೋದರು. ತಾಕಾದವರಲ್ಲಿ ಒಬ್ಬರೇ 27 ದಿನಗಳ ಬಳಿಕ ರಬ್ಬರ್ ತೆಪ್ಪದಲ್ಲಿ ಜೀವಂತ ಸಿಕ್ಕರು. ಇಲ್ಲಿನ ಓದುಗರಿಗೆ ನೆನಪಿರುವುದು ತೆಪ್ಪದ ಕಥೆ. ಕಳಚಿದ ಕೀಲ್‌ನ ಕಥೆ ಕಸುಬುದಾರರ ನಡುವೆಯೇ ಉಳಿಯಿತು. ಆಮೇಲೆ ನಮ್ಮ ಪೀಳಿಗೆಯವರು ದೋಣಿ ದಡಕ್ಕೆ ಎತ್ತಿದ ಕೂಡಲೇ ಕೀಲ್ ಮತ್ತು ಒಡಲಿನ ಸಂದಿನ ಮೇಲೆ ಕಣ್ಣಾಡಿಸುವುದನ್ನು ಕಲಿತರು. ಅಲ್ಲಿ ತುಕ್ಕಿನ ಗೆರೆ, ಕೂದಲೆಳೆಯ ಬಿರುಕು ಕಂಡರೆ ಬೋಲ್ಟ್ ಬಿಚ್ಚಿ ನೋಡು, ಒಳಗಿನ ಪುಟ್ಟ ವಾಷರ್ ತೆಗೆದು ಅಗಲದ ದಪ್ಪ ಫಲಕ ಹಾಕು.

ಅಷ್ಟು ಸಾಲದೆಂದು 2014ರಲ್ಲಿ ಗೊತ್ತಾಯಿತು. ಚೀಕಿ ರಫೀಕಿ ಎಂಬ 40 ಅಡಿಯ ಕಾರ್ಖಾನೆ ದೋಣಿ ಕೆರಿಬಿಯನ್‌ನಿಂದ ಇಂಗ್ಲೆಂಡಿಗೆ ಮರಳುವಾಗ ಉತ್ತರ ಅಟ್ಲಾಂಟಿಕ್‌ನಲ್ಲಿ ಕೀಲ್ ಕಳೆದುಕೊಂಡು ಮಗುಚಿತು, ನಾಲ್ವರೂ ಹೋದರು. ಮರುವರ್ಷ ಬಂದ ಬ್ರಿಟಿಷ್ ತನಿಖಾ ವರದಿ ಬೊಟ್ಟುಮಾಡಿದ್ದು ಒಡಲಿನೊಳಗೆ ಅಂಟಿಸುವ ಚೌಕಟ್ಟಿನ ಕಡೆಗೆ. ಈ ಬಗೆಯ ದೋಣಿಗಳಲ್ಲಿ ಪಕ್ಕೆಲುಬುಗಳನ್ನು ಒಂದೊಂದಾಗಿ ಕಟ್ಟುವುದಿಲ್ಲ. ಇಡೀ ಚೌಕಟ್ಟನ್ನು ಬೇರೆ ಅಚ್ಚಿನಲ್ಲಿ ತಯಾರಿಸಿ ಅಂಟಿನ ಮೇಲೆ ಕೂರಿಸುತ್ತಾರೆ. ತಳ ಒಮ್ಮೆ ಬಂಡೆಗೋ ಮರಳಿಗೋ ತಾಗಿದರೆ, ಮೇಜಿನ ಸನ್‌ಮೈಕಾ ಮೂಲೆಯಲ್ಲಿ ಎದ್ದ ಹಾಗೆ, ಅಂಟು ಒಳಗೊಳಗೇ ಬಿಡುತ್ತದೆ. ಮೇಲಿಂದ ಕಾಣುವುದಿಲ್ಲ, ಕೈ ಹೋಗುವ ಸಂದೂ ಇಲ್ಲ. ಸುತ್ತಿಗೆಯ ಹಿಡಿಯಿಂದ ತಟ್ಟಿ ಕಿವಿಗೊಡಬೇಕು: ಗಟ್ಟಿ ಸದ್ದು ಟೊಳ್ಳು ಸದ್ದಾದ ಜಾಗದಲ್ಲಿ ನೆಲ ಕೊರೆದು, ಉಜ್ಜಿ, ಗಾಜಿನ ಬಟ್ಟೆಯ ಪದರಗಳಿಂದ ಒಡಲಿಗೂ ಚೌಕಟ್ಟಿಗೂ ಹೊಸ ಬೆಸುಗೆ ಹಾಕಬೇಕು. ವಾರಗಟ್ಟಲೆ ಧೂಳು ತಿನ್ನುವ ಕೆಲಸ. ಹಗುರ ದೋಣಿಯ ನಿಜವಾದ ಸಿದ್ಧತೆ ಇದು. ಸೌರಫಲಕ, ಉಪಗ್ರಹ ಫೋನು ಇವೆಲ್ಲ ಆಮೇಲೆ.

ಸರ್ಟಿಫಿಕೇಟು ಇದೆಯಲ್ಲ ಎನ್ನುವವರಿದ್ದಾರೆ. ಯುರೋಪಿನಲ್ಲಿ 1998ರಿಂದ ಕಡ್ಡಾಯವಾದ ವರ್ಗೀಕರಣದಲ್ಲಿ ಬೋಫರ್ಟ್ 8ನ್ನು ಮೀರಿದ ಗಾಳಿಗೂ 4 ಮೀಟರ್ ಮೀರಿದ ಅಲೆಗೂ ತಕ್ಕುದಾದ ದೋಣಿಗೆ ‘ಎ’ ದರ್ಜೆ. ಅದು ಹೊಸ ದೋಣಿಯ ವಿನ್ಯಾಸಕ್ಕೆ ಸಿಕ್ಕ ಅಂಕ, ಇಪ್ಪತ್ತು ವರ್ಷ ಬಿಸಿಲುಂಡ ದೋಣಿಯದ್ದಲ್ಲ. ಜಪಾನಿನಲ್ಲಿ ಸಣ್ಣ ದೋಣಿಗಳ ತಪಾಸಣೆಗೆಂದೇ 1974ರಿಂದ ಪ್ರತ್ಯೇಕ ಸಂಸ್ಥೆ ಇದೆ. ಅದು ಸಮುದ್ರವನ್ನು ವಲಯಗಳಾಗಿ ವಿಂಗಡಿಸಿ ದೂರಕ್ಕೆ ತಕ್ಕ ಉಪಕರಣ ಕೇಳುತ್ತದೆ. ಒಳ್ಳೆಯದೇ. ಆದರೆ ಅಂಟು ಬಿಟ್ಟ ಚೌಕಟ್ಟನ್ನು ಪತ್ತೆಹಚ್ಚುವುದು ದೋಣಿಯ ಯಜಮಾನನ ಪಾಲಿನ ಕೆಲಸವಾಗಿಯೇ ಉಳಿದಿದೆ.

2011ರ ಮಾರ್ಚ್ 11ರ ಸುನಾಮಿ ಸುಮಾರು 50 ಲಕ್ಷ ಟನ್ ಅವಶೇಷವನ್ನು ಕಡಲಿಗೆ ಎಳೆದೊಯ್ದಿತೆಂದೂ ಅದರಲ್ಲಿ 15 ಲಕ್ಷ ಟನ್ ತೇಲಿತೆಂದೂ ಜಪಾನ್ ಸರ್ಕಾರ ಅಂದಾಜಿಸಿತು. ತೆಳು ಒಡಲಿನವರಿಗೆ ಡಿಕ್ಕಿಯ ಭಯ ಅಲ್ಲಿಂದ ಹೊಸ ಅರ್ಥ ಪಡೆಯಿತು. ಎರಡು ವರ್ಷ ಕಳೆದು, 2013ರ ಜೂನ್‌ನಲ್ಲಿ, ದೃಷ್ಟಿಯಿಲ್ಲದ ನಾವಿಕ ಇವಾಮೊತೊ ಮಿತ್ಸುಹಿರೊ ಮತ್ತು ಟಿವಿ ನಿರೂಪಕ ಶಿನ್‌ಬೊ ಜಿರೊ ಫುಕುಶಿಮಾದ ಒನಾಹಾಮಾದಿಂದ ಎಯೊಲಸ್ ಎಂಬ 28 ಅಡಿಯ ದೋಣಿಯಲ್ಲಿ ಹೊರಟರು. ನಮ್ಮ ಮಿಯಾಗಿ ಪ್ರಾಂತ್ಯದ ಕಿಂಕಾಸಾನ್ ದ್ವೀಪದಿಂದ ಆಗ್ನೇಯಕ್ಕೆ ಸುಮಾರು 1,200 ಕಿಲೋಮೀಟರ್ ದೂರದಲ್ಲಿ ದೋಣಿಗೆ ಏನೋ ಬಡಿಯಿತು, ತಿಮಿಂಗಿಲವೆಂದು ಅವರು ಹೇಳಿದರು. ನೀರು ನುಗ್ಗಿತು, ತೆಪ್ಪಕ್ಕೆ ಇಳಿದರು, ಅದೇ ದಿನ ಜಪಾನಿನ ನೌಕಾಪಡೆಯ ಯುಎಸ್-2 ಜಲವಿಮಾನ ಅಲೆಗಳ ಮೇಲಿಳಿದು ಇಬ್ಬರನ್ನೂ ಎತ್ತಿಕೊಂಡಿತು. ಆಮೇಲಿನ ಚರ್ಚೆಯಲ್ಲಿ ರಕ್ಷಣೆಯ ಖರ್ಚಿಗೆ ಸಿಕ್ಕ ಜಾಗದ ಕಾಲಂಶವೂ ಒಡಲಿನೊಳಗಿನ ನೀರುತಡೆ ಗೋಡೆಗೆ ಸಿಗಲಿಲ್ಲ. ಹಾಸಿಗೆಯ ಮುಂಭಾಗದಲ್ಲಿ ಒಂದು, ಚುಕ್ಕಾಣಿಯ ದಂಡದ ಸುತ್ತ ಒಂದು, ಹೀಗೆ ಪ್ಲೈವುಡ್ ಮತ್ತು ಎಪಾಕ್ಸಿಯಿಂದ ಕಟ್ಟಬಹುದಾದ ಎರಡು ಗೋಡೆಗಳು ಹಲವು ದೋಣಿಗಳಲ್ಲಿ ಇರುವುದೇ ಇಲ್ಲ. ಅಂದಹಾಗೆ, ಇವಾಮೊತೊ ಇನ್ನೊಬ್ಬ ಸಂಗಾತಿಯೊಂದಿಗೆ 2019ರ ಏಪ್ರಿಲ್‌ನಲ್ಲಿ ಅಮೆರಿಕದಿಂದ ಅದೇ ಒನಾಹಾಮಾಕ್ಕೆ ಹಾಯಿಯಲ್ಲಿ ಬಂದು ತಲುಪಿದರು.

ಅದೇ ತಿಂಗಳು ವೆಬ್ ಚೈಲ್ಸ್ ಎಂಬ ಎಪ್ಪತ್ತು ದಾಟಿದ ಅಮೆರಿಕನ್ ನಾವಿಕ ಸ್ಯಾನ್ ಡಿಯೇಗೋದಲ್ಲಿ ತನ್ನ ಭೂಪ್ರದಕ್ಷಿಣೆ ಮುಗಿಸಿದ. ಅವನ ದೋಣಿ ಗ್ಯಾನೆಟ್ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಸ್‌ನಲ್ಲಿ ರೇಸಿಗೆಂದು ತಯಾರಾಗುತ್ತಿದ್ದ ಮೂರ್ 24 ಮಾದರಿಯದು, ಒಂದು ಟನ್ನೂ ಇಲ್ಲ. ತೂಕದ ಪಕ್ಷದವರು ಈ ಯಾನಕ್ಕೆ ಉತ್ತರ ಕೊಟ್ಟಿಲ್ಲ. ಇಂಥ ದೋಣಿಯ ಗುಣವೆಲ್ಲ ಅದು ಹಗುರವಾಗಿಯೇ ಉಳಿಯುವುದರಲ್ಲಿದೆ. ನಮ್ಮವರು ಮಾಡುವುದು ತದ್ವಿರುದ್ಧ: ಮೂರು ಟನ್ನಿನ ದೋಣಿಗೆ ಒಂದು ಟನ್ ನೀರು, ಡೀಸೆಲ್, ಅಕ್ಕಿ, ಸರಪಳಿ ತುಂಬಿ, ಆಮೇಲೆ ಅದು ಏಳುವುದಿಲ್ಲ ಎಂದು ದೂರುತ್ತಾರೆ.

ನಮ್ಮ ಭಾರತದ ಮಾತಿಗೆ ಬಂದರೆ, ಸೇನೆಯ ಎಂಜಿನಿಯರ್‌ಗಳು 1985ರಿಂದ 1987ರವರೆಗೆ ತೃಷ್ಣಾ ಎಂಬ ದೋಣಿಯಲ್ಲಿ ಭೂಮಿ ಸುತ್ತಿದರು. ಅದು ಇಂಗ್ಲೆಂಡಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಸ್ವಾನ್ 37, ಅಂದರೆ ಕಾರ್ಖಾನೆ ದೋಣಿಯೇ, ಹಗುರದ್ದಲ್ಲದಿದ್ದರೂ. ಗೋವಾದಲ್ಲಿ ಕಟ್ಟಿದ ಮಾದೇಯಿ ದೋಣಿಯಲ್ಲಿ 2009–10ರಲ್ಲಿ ಒಬ್ಬರೇ ಭೂಮಿ ಸುತ್ತಿದ ದಿಲೀಪ್ ದೋಂಡೆ ತಮ್ಮ ಪುಸ್ತಕದಲ್ಲಿ ದೋಣಿ ಕಟ್ಟಿದ, ಅಣಿಗೊಳಿಸಿದ ಕೆಲಸಕ್ಕೆ ಧಾರಾಳ ಜಾಗ ಕೊಟ್ಟಿದ್ದಾರೆ. ಅಪರೂಪದ ಉದಾಹರಣೆ. ಕನ್ನಡದಲ್ಲಿ ನಾನು ಓದಿದ ಸಮುದ್ರ ಸಾಹಸದ ಬರಹಗಳೆಲ್ಲ ಬಂದರು ಬಿಟ್ಟ ದಿನದಿಂದ ಶುರುವಾಗುತ್ತವೆ.

ಫೈಬರ್ ದೋಣಿಯ ತಳ ತಟ್ಟಿ ಸದ್ದು ಗುರುತಿಸಬಲ್ಲವರು ಸೆಂಡಾಯ್‌ನಲ್ಲೂ ಇದ್ದಾರೆ, ಮಲ್ಪೆ, ಗಂಗೊಳ್ಳಿಗಳಲ್ಲೂ ಇದ್ದಾರೆ. ಅವರ ಕೈಗೆ ಬಂದ ಪ್ರತಿ ದೋಣಿಯ ಬಿರುಕು, ಬೆಸುಗೆ, ಬದಲಿಸಿದ ಬೋಲ್ಟಿನ ದಾಖಲೆ ಒಂದು ನೋಟ್‌ಬುಕ್‌ನಲ್ಲಾದರೂ ಇರಲಿ. ದೋಣಿ ಮಾರುವಾಗ ಯಜಮಾನರು ಆ ನೋಟ್‌ಬುಕ್ಕನ್ನು ದೋಣಿಯೊಂದಿಗೇ ಕೊಡಲಿ, ಕೊಳ್ಳುವವರು ಅದನ್ನು ಕೇಳಿ ಪಡೆಯಲಿ.