ವರದಕ್ಷಿಣೆಯಲ್ಲಿ ಠಾಣೆ ಸೇರಿತ್ತೇ?

ಐರೋಲಿಯ ಆಫೀಸಿಗೆ ಹೋಗುತ್ತ ದಿನಾ ಠಾಣೆ ಖಾಡಿ ದಾಟುತ್ತೇನೆ. ಮುಂಬಯಿ ವರದಕ್ಷಿಣೆಯಾಗಿ ಹೋದ ಊರೆಂದು ನಮಗೆಲ್ಲ ಗೊತ್ತು. ಆದರೆ ಗೆಳತಿಯರೇ, ನಮ್ಮ ಠಾಣೆ?

1661ರಲ್ಲಿ ಇಂಗ್ಲೆಂಡಿನ ಎರಡನೇ ಚಾರ್ಲ್ಸನಿಗೆ ಹಣ ಬೇಕಿತ್ತು, ಪೋರ್ಚುಗಲ್ಲಿಗೆ ಸ್ಪೇನಿನ ವಿರುದ್ಧ ಬೆಂಬಲ. ರಾಜಕುಮಾರಿ ಕ್ಯಾಥರೀನಳ ಮದುವೆ ಹೀಗೆ ನಿಶ್ಚಯವಾಯಿತು. ಒಪ್ಪಂದದಲ್ಲಿ ಠಾಣೆ, ಸಾಲ್ಸೆಟ್ ಸೇರಿವೆ ಎಂದು ಇಂಗ್ಲಿಷರು. ಮುಂಬಯಿ ದ್ವೀಪ ಮಾತ್ರ ಎಂದು ಪೋರ್ಚುಗೀಸರು. ನಮ್ಮಲ್ಲಿ ಹುಡುಗಿ ತೋರಿಸುತ್ತಾರೆ, ಅಲ್ಲಿ ನಕ್ಷೆ ತೋರಿಸಿದ್ದರಂತೆ. ಆ ನಕ್ಷೆ ಮತ್ತೆ ಸಿಗಲೇ ಇಲ್ಲ!

ದ್ವೀಪ ವಹಿಸಿಕೊಳ್ಳಲು ಬಂದ ಅಬ್ರಹಾಂ ಶಿಪ್‌ಮನ್ ನಮ್ಮ ಕಾರವಾರದ ಎದುರಿನ ಅಂಜದೀವದಲ್ಲಿ ಕಾದು ಕಾದು 1664ರಲ್ಲಿ ತೀರಿಕೊಂಡ. ಅವನ ಸೈನಿಕರಲ್ಲಿ ಬಹುಪಾಲು ಜನರೂ ಅಲ್ಲೇ ಸತ್ತರು. 1665ರಲ್ಲಿ ಸಿಕ್ಕಿದ್ದು ಮುಂಬಯಿ ಮಾತ್ರ. ಅದನ್ನೂ 1668ರಲ್ಲಿ ರಾಜ ವರ್ಷಕ್ಕೆ 10 ಪೌಂಡಿಗೆ ಕಂಪನಿಗೆ ಕೊಟ್ಟುಬಿಟ್ಟ. ಠಾಣೆಯನ್ನು ಇಂಗ್ಲಿಷರು ಗೆದ್ದದ್ದು 1774ರಲ್ಲಿ, ಮರಾಠರಿಂದ.

ಕ್ಯಾಥರೀನಳಿಗೆ ಮಕ್ಕಳಾಗಲಿಲ್ಲ. ಗಂಡನ ಪ್ರೇಯಸಿಯನ್ನೇ ತನ್ನ ಪರಿವಾರಕ್ಕೆ ಸೇರಿಸಿಕೊಳ್ಳಬೇಕಾಯಿತು. ಆದರೂ ವಿಚ್ಛೇದನಕ್ಕೆ ಎಷ್ಟು ಒತ್ತಾಯ ಬಂದರೂ ಚಾರ್ಲ್ಸ್ ಒಪ್ಪಲಿಲ್ಲ. ನನಗೆ ನಕ್ಷೆಗಿಂತ ದೊಡ್ಡ ರಹಸ್ಯ ಇದೇ. 1685ರಲ್ಲಿ ಅವನು ಸಾಯುವಾಗ ಅವಳೇ ಕ್ಷಮೆ ಕೇಳಿ ಕಳಿಸಿದಳಂತೆ. ಕೇಳಬೇಕಾದವನು ನಾನು ಎಂದನಂತೆ ಅವನು.